ಎಲೆಕ್ಟ್ರಿಕಲ್ ಎಂಟೆಕ್ ಅಂದ್ರೆ ಹುಚ್ಚುತನಾನಾ?

"ಎಂಟೆಕ್ ಮಾಡ್ತೀಯಾ? ಅದೂ ಎಲೆಕ್ಟ್ರಿಕಲ್‌ನಾಗ? ತಲಿ ಕೆಟ್ಟೈತೇನಲೇ?"

ನಮ್ಮೂರು ಅಮ್ಮಿನಬಾವಿಯ ಕಟ್ಟೆಯಿಂದ ಹಿಡಿದು ಬೆಂಗಳೂರಿನ ಆಫೀಸ್ ಕ್ಯಾಂಟೀನಿನವರೆಗೆ ಎಲ್ಲರದೂ ಇದೇ ರಾಗ. ಸಾಫ್ಟ್‌ವೇರ್ ಕೆಲಸ ಬಿಟ್ಟು ಮತ್ತೆ ಪುಸ್ತಕ ಹಿಡಿಯುವವನು ಒಂದೋ ಹುಚ್ಚ, ಇಲ್ಲವೇ ಕೆಲಸ ಕಳೆದುಕೊಂಡವನು. ನಾನು ಎರಡೂ ಅಲ್ಲ ಸ್ವಾಮಿ :-)

"ಎಲೆಕ್ಟ್ರಿಕಲ್‌ನಲ್ಲಿ ಇನ್ನೇನು ಕಲಿಯೋದಿದೆ?" ಅನ್ನುವವರು ಒಮ್ಮೆ ನಮ್ಮೂರಿಗೆ ಬನ್ನಿ. ಸವದತ್ತಿಯಿಂದ ಪಂಪ್ ಮಾಡಿ ತಂದ ಮಲಪ್ರಭೆಯ ನೀರನ್ನು ಶುದ್ಧ ಮಾಡಿ ಹುಬ್ಬಳ್ಳಿ-ಧಾರವಾಡಕ್ಕೆ ಕಳಿಸೋದು ಇಲ್ಲಿಂದಲೇ. ಕರೆಂಟು ಕೈಕೊಟ್ಟರೆ ಅವಳಿ ನಗರದ ನಲ್ಲಿ ಒಣಗುತ್ತದೆ. ಇನ್ನು ಹೊಲದ ಕಥೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಕರೆಂಟು ಪುಕ್ಕಟೆ. ಸರಿ, ವೋಲ್ಟೇಜು? ತ್ರೀಫೇಸ್ ಬಂದ ಕೂಡಲೇ ಎಲ್ಲರೂ ಒಟ್ಟಿಗೇ ಮೋಟರ್ ಹಚ್ಚುತ್ತಾರೆ. ಲೈನಿನ ತುದಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಹೊರೆ ಅಷ್ಟೇ ಇದ್ದು ವೋಲ್ಟೇಜ್ ಇಳಿದರೆ ಮೋಟರ್ ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ, ವೈಂಡಿಂಗ್ ಸುಡುತ್ತದೆ. ಓವರ್‌ಲೋಡಾದರೆ ಟಿಸಿಯೂ ಹೋಗುತ್ತದೆ. ಪುಕ್ಕಟೆ ಕರೆಂಟಿನ ಬಿಲ್ಲನ್ನು ರೈತ ವೈಂಡಿಂಗ್ ಅಂಗಡಿಯಲ್ಲಿ ಕಟ್ಟುತ್ತಾನೆ!

ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ, ಗದಗಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಬಿಸಿಲು, ಗಾಳಿ ಯಾರ ಮಾತನ್ನೂ ಕೇಳುವುದಿಲ್ಲ. ಅವನ್ನು ಗ್ರಿಡ್ಡಿಗೆ ಹೊಂದಿಸಿ, ತುದಿಯ ರೈತನಿಗೂ ಸರಿಯಾದ ವೋಲ್ಟೇಜ್ ಮುಟ್ಟಿಸೋದು ಹೇಗೆ? ಪವರ್ ಸಿಸ್ಟಮ್ಸ್, ಪವರ್ ಎಲೆಕ್ಟ್ರಾನಿಕ್ಸ್ ಎಂಟೆಕ್ ಇರೋದೇ ಇದಕ್ಕೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಸಿದ ನಾಡು ನಮ್ಮದು. ಅಲ್ಲಿಂದ ಮುಂದೆ ಕಲಿಯೋದು ಮುಗಿಯಿತೇ?

ಈಗ ದುಡ್ಡಿನ ಮಾತು. ಗೇಟ್ ಪಾಸಾಗಿ ಎಂಟೆಕ್ ಸೇರಿದವರಿಗೆ ಸರ್ಕಾರ ಕೊಡೋದು ತಿಂಗಳಿಗೆ 12,400 ರೂಪಾಯಿ. ಸುಮಾರು ಹತ್ತು ವರ್ಷದಿಂದ ಅಲ್ಲೇ ನಿಂತಿದೆ. 2023ರಲ್ಲಿ ಪಿಎಚ್‌ಡಿ ಮಾಡುವವರ ಫೆಲೋಶಿಪ್ 31,000ದಿಂದ 37,000ಕ್ಕೆ ಏರಿತು, ಎಂಟೆಕ್‌ನವರನ್ನು ಕೇಳುವವರಿಲ್ಲ. 2019ರಲ್ಲಂತೂ ಐಐಟಿ ಕೌನ್ಸಿಲ್ ಈ ಹಣವನ್ನೇ ನಿಲ್ಲಿಸಿ, ಫೀಸನ್ನು ಬಿಟೆಕ್ ಮಟ್ಟಕ್ಕೆ ಏರಿಸಲು ಹೊರಟಿತ್ತು. ಹುಡುಗರು ಕೆಲಸ ಸಿಕ್ಕೊಡನೆ ನಡುವೆಯೇ ಬಿಟ್ಟು ಓಡುತ್ತಾರೆ ಅನ್ನೋ ದೂರು ಬೇರೆ! ಮನೆಗೆ ದುಡ್ಡು ಕಳಿಸಬೇಕಾದವನು ಓಡದೆ ಏನು ಮಾಡಬೇಕು? ಎಲೆಯಲ್ಲಿದ್ದದ್ದನ್ನೂ ಕಸಿದುಕೊಂಡರೆ ಹಸಿದವನು ಪಂಕ್ತಿಯಲ್ಲಿ ಕೂತೇ ಇರುತ್ತಾನೆಯೇ?

2016ರಲ್ಲಿ ಧಾರವಾಡಕ್ಕೇ ಐಐಟಿ ಬಂತು, ಸಂತೋಷ. ಆದರೆ ಕಾಲೇಜು ಪಕ್ಕಕ್ಕೆ ಬಂದ ಮಾತ್ರಕ್ಕೆ ಓದು ಹತ್ತಿರವಾಗೋದಿಲ್ಲ.

ನಾನು ಗೇಟ್ ಬರೆಯುವವನೇ. ಸಾಫ್ಟ್‌ವೇರ್ ಸಂಬಳದಲ್ಲಿ ಉಳಿಸಿದ್ದು ಎರಡು ವರ್ಷಕ್ಕೆ ಸಾಕು. ಆದರೆ ಉಳಿತಾಯವಿಲ್ಲದ, ನನಗಿಂತ ಚುರುಕಾದ ಒಬ್ಬ ರೈತನ ಮಗಳು ಏನು ಮಾಡಬೇಕು? ಸುಟ್ಟ ಮೋಟರಿನ ವಾಸನೆ ಚೆನ್ನಾಗಿ ಗೊತ್ತಿರೋದು ಅವಳಿಗೇ. ಅವಳನ್ನು 12,400ಕ್ಕೆ ಹೆದರಿಸಿ ಕೋಡ್ ಬರೆಯಲು ಕಳಿಸಿ, ಆಮೇಲೆ "ನಮ್ಮಲ್ಲಿ ಒಳ್ಳೆ ಎಂಜಿನಿಯರುಗಳಿಲ್ಲ" ಅಂತ ಗೋಳಾಡೋದು ಯಾವ ನ್ಯಾಯ?

ನೀವೇನಂತೀರಿ?