ಪೆಟ್ಟಿಗೆಗೆ ಹಿಡಿಯದ ಸರಕು, ಕಣ್ಣಿಗೆ ಬೀಳದ ಹುಳು

ಕೃಷ್ಣರಾಜಪುರವನ್ನು ದಾಟಿ ಪೂರ್ವಕ್ಕೆ ಪ್ರಯಾಣ ಮಾಡುವ ವಾಚಕರು ವೈಟ್‌ಫೀಲ್ಡಿನ ಕಂಟೈನರ್ ಡಿಪೋವನ್ನು ಕಂಡಿರಬಹುದು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿ ಅಲೆಯಿಲ್ಲದ, ಹಡಗಿಲ್ಲದ ಒಂದು ಬಂದರು ಅದು. ಒಳನಾಡಿನ ಇಂತಹ ಬಂದರು ಭರತಖಂಡದಲ್ಲಿ ಮೊದಲು ಸ್ಥಾಪಿತವಾದುದು 1981ರಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ ಎಂಬುದು ಅಭಿಮಾನದ ಸಂಗತಿ. ಆದರೆ ಬಂದರನ್ನು ಪಡೆದವರು ಬಂದರಿನ ಹೊಣೆಯನ್ನೂ ಹೊರಬೇಕಷ್ಟೆ. ಆ ಹೊಣೆಯ ಒಂದು ಭಾಗವನ್ನು ಕುರಿತು ಇಂದು ನಾಲ್ಕು ಮಾತುಗಳನ್ನು ಬರೆಯಬಯಸುತ್ತೇವೆ.

ಹೊರದೇಶಗಳಿಗೆ ಹೋಗುವ ಸರಕಿನ ಮರದ ಕಟ್ಟಿನಲ್ಲಿ ಹುಳು ಹುಪ್ಪಟೆಗಳು ಇರಕೂಡದೆಂದು 2002ರಲ್ಲಿ ಅಂತರರಾಷ್ಟ್ರೀಯ ನಿಬಂಧನೆಯಾಯಿತು. ಮರದ ತಿರುಳು 56 ಡಿಗ್ರಿ ಸೆಂಟಿಗ್ರೇಡ್ ಶಾಖವನ್ನು ಮುಟ್ಟಿ ಎಡೆಬಿಡದೆ 30 ನಿಮಿಷ ಹಾಗೆಯೇ ನಿಲ್ಲಬೇಕು; ಇಲ್ಲವೆ ಮೀಥೈಲ್ ಬ್ರೋಮೈಡ್ ಮೊದಲಾದ ವಿಷಾನಿಲದ ಹೊಗೆಯನ್ನು ಕೊಡಬೇಕು. ಇದಲ್ಲದೆ ಕೆಲವು ದೇಶಗಳು ಸರಕಿಗೇ ಚಿಕಿತ್ಸೆಯಾಗಬೇಕೆಂದು ವಿಧಿಸುತ್ತವೆ. ಇದೆಲ್ಲವೂ ಪರದೇಶದವರ ಕಿರುಕುಳವೆಂದು ನಮ್ಮ ವರ್ತಕರಲ್ಲಿ ಹಲವರು ಗೊಣಗುವುದುಂಟು.

ನಾವು ಹಾಗೆಣಿಸುವುದಿಲ್ಲ. ಜಗತ್ತಿನ ಕಣಜಗಳು ಅತಿಯಾಗಿ ಅಂಜುವ ಖಾಪ್ರಾ ದುಂಬಿ ನಮ್ಮ ನಾಡಿನ ಮೂಲದ ಹುಳು. ಅದರ ಮರಿ ಬಿರುಕಿನಲ್ಲಿ ಅಡಗಿ, ಕಾಳೊಂದನ್ನೂ ತಿನ್ನದೆ ವರ್ಷಗಟ್ಟಲೆ ಬದುಕಬಲ್ಲುದು. ಅಂತಹುದನ್ನು ನೆರೆಯವನ ಮನೆಗೆ ಕಳುಹಿಸಿ, ಅವನು ಬಾಗಿಲು ಹಾಕಿದನೆಂದು ಕೋಪಿಸುವುದು ನ್ಯಾಯವಲ್ಲ. 1898ರ ಪ್ಲೇಗಿನಲ್ಲಿ ಪೇಟೆಯೂ ದಂಡೂ ಪಟ್ಟ ಪಾಡನ್ನು ಬಲ್ಲ ಊರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ತೊಡಕಿರುವುದು ದೊಡ್ಡ ಸರಕಿನಲ್ಲಿ. ಟ್ರಾನ್ಸ್‌ಫಾರ್ಮರು, ಬಾಯ್ಲರು, ಮಣ್ಣೆತ್ತುವ ಯಂತ್ರ ಇವು ಪೆಟ್ಟಿಗೆಯೊಳಗೆ ಹಿಡಿಯವು. ಗೋಡೆಯಿಲ್ಲದ ಚೌಕಟ್ಟಿನ ಮೇಲೆ, ದಪ್ಪನೆಯ ತೊಲೆಗಳ ಮೇಲೆ ಕುಳಿತು ಹೋಗುತ್ತವೆ. 20 ಸೆಂಟಿಮೀಟರಿಗಿಂತ ದಪ್ಪವಾದ ಮರಕ್ಕೆ ಹೊಗೆಯ ಚಿಕಿತ್ಸೆಯನ್ನು ನಿಬಂಧನೆಯು ಒಪ್ಪುವುದಿಲ್ಲ; ಅನಿಲವು ತಿರುಳನ್ನು ಸೇರುವ ಭರವಸೆಯಿಲ್ಲ. ಯಂತ್ರಕ್ಕೆ ಹೊಗೆ ಕೊಡಬೇಕಾದರೂ ಬಾಗಿಲು ಮುಚ್ಚಲು ಪೆಟ್ಟಿಗೆಯೇ ಇಲ್ಲದುದರಿಂದ ಟಾರ್ಪಾಲು ಹೊದಿಸಿ, ಅಂಚಿಗೆ ಮರಳಿನ ಚೀಲಗಳನ್ನು ಹೇರಬೇಕಾಗುತ್ತದೆ. ಮೊನೆಯೊಂದು ತಾಗಿ ಹೊದಿಕೆ ಹರಿದರೆ ಮಾಡಿದುದೆಲ್ಲ ವ್ಯರ್ಥ. ಮರದ ಕಟ್ಟಿಗೆ 21 ಡಿಗ್ರಿಗೆ ಕಡಿಮೆಯಿಲ್ಲದ ಹವೆಯಲ್ಲಿ ಘನಮೀಟರಿಗೆ 48 ಗ್ರಾಂ ಮೀಥೈಲ್ ಬ್ರೋಮೈಡ್ ಸಾಕು. ಹವೆ 16 ಡಿಗ್ರಿಗಿಂತ ಕೆಳಗಿಳಿದರೆ 64 ಗ್ರಾಂ ಬೇಕು. ಕಾಲ ಕನಿಷ್ಠ 24 ಗಂಟೆ. ನಮ್ಮ ಪುಷ್ಯಮಾಸದ ರಾತ್ರಿಯ ಚಳಿಯನ್ನು ಗಣಿಸದೆ ಮಧ್ಯಾಹ್ನದ ಬಿಸಿಲನ್ನೇ ನಂಬಿ ಅಳತೆ ಹಾಕಿದರೆ ಹುಳು ಉಳಿಯುತ್ತದೆ, ಪ್ರಮಾಣಪತ್ರ ಮಾತ್ರ ಹೊರಡುತ್ತದೆ. ಇದು ಬೇಲಿಯೇ ಎದ್ದು ಹೊಲ ಮೇಯ್ದಂತೆ. ಅತ್ತ ಬಂದರಿನಲ್ಲಿ ಜೀವಂತ ಹುಳು ಸಿಕ್ಕರೆ ಸರಕು ಹಿಂದಿರುಗಬೇಕಾದೀತು. ಆಗ ಕೆಡುವುದು ಒಬ್ಬ ವರ್ತಕನ ಹೆಸರಲ್ಲ, ದೇಶದ ಹೆಸರು.

ಇನ್ನೊಂದು ಸಂಗತಿ ಇದಕ್ಕಿಂತಲೂ ಗುರುತರವಾದುದು. ಮೀಥೈಲ್ ಬ್ರೋಮೈಡಿಗೆ ಬಣ್ಣವಿಲ್ಲ, ಎಚ್ಚರಿಸುವಷ್ಟು ವಾಸನೆಯೂ ಇಲ್ಲ. ಹೊದಿಕೆಯನ್ನು ಎತ್ತುವ ಕೂಲಿಯವನು ಉಸಿರಿನೊಡನೆ ವಿಷವನ್ನು ಸೇವಿಸಿದರೂ ಅದು ಅವನಿಗೆ ತಿಳಿಯುವುದು ತಡವಾಗಿ. ಮೇಲಾಗಿ ಅದು ಓಜೋನ್ ಪದರವನ್ನು ಕೆಡಿಸತಕ್ಕುದೆಂದು 1992ರಲ್ಲಿ ಮಾಂಟ್ರಿಯಲ್ ಒಪ್ಪಂದದೊಳಗೆ ಸೇರಿತು. ಇಂತಹ ತಡೆಗಟ್ಟುವ ಚಿಕಿತ್ಸೆಗೆ ಮಾತ್ರ ವಿನಾಯಿತಿ ಉಳಿದಿದೆ. ವಿನಾಯಿತಿಯು ಊರುಗೋಲು, ಅದನ್ನು ನಂಬಿ ಕಾಲನ್ನೇ ಮರೆಯಬಾರದು. ಶಾಖದ ಮಾರ್ಗವಿರುವಾಗ ವಿಷದ ಮಾರ್ಗವೇಕೆ?

ಹೊರಗೆ ಹೋಗುವುದರಷ್ಟೇ ಒಳಗೆ ಬರುವುದರ ಮೇಲೂ ಕಣ್ಣಿರಬೇಕು. 1914ರಲ್ಲಿಯೇ ಕೀಟ ಪೀಡೆಗಳನ್ನು ತಡೆಯುವ ಕಾಯಿದೆಯಾದ ದೇಶ ನಮ್ಮದು. ಆದರೂ 2008ರಲ್ಲಿ ಕೊಯಮತ್ತೂರಿನ ಬಳಿ ಕಾಣಿಸಿಕೊಂಡ ಪರದೇಶದ ಹಿಟ್ಟುತಿಗಣೆಯು ಪರಂಗಿಯನ್ನಲ್ಲದೆ ಹಿಪ್ಪುನೇರಳೆಯನ್ನೂ ಕಾಡಿ ರೇಷ್ಮೆಯ ರೈತನ ಹೊಟ್ಟೆಯ ಮೇಲೆ ಹೊಡೆಯಿತು. ನಮ್ಮ ಹೆಬ್ಬಾಳದ ಕೀಟಶಾಸ್ತ್ರಜ್ಞರು 2010ರಲ್ಲಿ ಪೋರ್ಟೊ ರಿಕೊದಿಂದ ಅದರ ವೈರಿಯಾದ ಕಿರುಕಣಜವನ್ನು ತರಿಸಿ ಬಿಟ್ಟು ಅದನ್ನು ಹತೋಟಿಗೆ ತಂದುದು ಸ್ತುತ್ಯ ಕಾರ್ಯ. ಆದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸವನ್ನು ಎಷ್ಟು ಸಲ ಮಾಡುವುದು?

ಆದುದರಿಂದ ಅಧಿಕಾರಿಗಳ ಅವಗಾಹನೆಗೆ ಮೂರು ಸೂಚನೆಗಳನ್ನು ತರುತ್ತೇವೆ. ದೊಡ್ಡ ಯಂತ್ರವನ್ನು ಇಡಿಯಾಗಿ ಕಾಯಿಸಬಲ್ಲ ಶಾಖದ ಕೊಠಡಿಯೊಂದು ವೈಟ್‌ಫೀಲ್ಡಿನ ಆಸುಪಾಸಿನಲ್ಲಿ, ಸಣ್ಣ ಕಾರ್ಖಾನೆಯವರಿಗೂ ಎಟಕುವ ದರದಲ್ಲಿ, ಸಾರ್ವಜನಿಕವಾಗಿ ಇರಲಿ. ತೊಲೆಗಳನ್ನು ಯಂತ್ರದಡಿ ಇಡುವ ಮೊದಲೇ ಕಾಯಿಸುವ ಪದ್ಧತಿ ಕಡ್ಡಾಯವಾಗಲಿ. ಹೊಗೆ ಅನಿವಾರ್ಯವಾದೆಡೆ, ಅನಿಲವನ್ನು ಅಳೆಯುವ ಉಪಕರಣದ ಓದಿಕೆಯಿಲ್ಲದೆ ಯಾವ ಕೂಲಿಯವನೂ ಹೊದಿಕೆಯನ್ನು ಮುಟ್ಟದಿರಲಿ. ಆ ಓದಿಕೆ ಪ್ರಮಾಣಪತ್ರದೊಡನೆಯೇ ಹೋಗಲಿ.

ಇವಕ್ಕೆ ತಗಲುವ ವೆಚ್ಚ ಅಲ್ಪವಲ್ಲವೆಂದು ಬಲ್ಲೆವು. ಆದರೆ ಹಿಂದಿರುಗಿದ ಒಂದು ಯಂತ್ರದ ಬೆಲೆ, ಹಾಳಾದ ಒಂದು ಸೀಮೆಯ ಬೆಳೆ, ಉಸಿರುಗಟ್ಟಿದ ಒಬ್ಬ ಕೂಲಿಯವನ ಸಂಸಾರ ಇವುಗಳ ಲೆಕ್ಕವನ್ನು ಎದುರಿಗಿಟ್ಟುಕೊಂಡು ತೂಗಬೇಕೆಂದು ಸರ್ಕಾರದವರಲ್ಲಿಯೂ ವರ್ತಕ ಮಹಾಶಯರಲ್ಲಿಯೂ ನಮ್ಮ ವಿಜ್ಞಾಪನೆ.