ದುಬೈಗೆ ಹೋದ ಮೇಲೆ ಸೈಕಲ್ ಎಲ್ಲಿ ಹೋಯ್ತು?
2006–07ರಲ್ಲಿ ಸರಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಕಡೆಯ ನಮ್ಮ ಹೆಣ್ಮಕ್ಕಳೂ ಅದನ್ನೇರಿ ಹೈಸ್ಕೂಲಿಗೆ ಹೋದವರೇ. ರಜೆಯಲ್ಲಿ ಕಗ್ಗಲಡುವಿನ ಹುಣಸೆಮರದ ಕೊಕ್ಕರೆ ನೋಡುವುದು, ಮಧುಗಿರಿ ಬೆಟ್ಟ ಹತ್ತುವುದು ಎಲ್ಲ ಇತ್ತು.

ಅವರಲ್ಲಿ ಕೆಲವರು ಈಗ ಗಂಡ, ಮಕ್ಕಳ ಜೊತೆ ದುಬೈಯಲ್ಲಿ. ಫ್ಲ್ಯಾಟು, ಲಿಫ್ಟು, ಕಾರು, ಮಾಲು. ಊರಿಗೆ ಬರುವಾಗ ಚಾಕಲೇಟಿನ ಜೊತೆ ಸಕ್ಕರೆ ಕಾಯಿಲೆಯ ಗುಳಿಗೆಯೂ ಬರುತ್ತದೆ.

‘ಅಲ್ಲಿ ಬಿಸಿಲು ಮಾರಾಯ್ರೆ’ ಅಂತಾರೆ. ಸುಳ್ಳಲ್ಲ, ಪಾವಗಡದ ಬಿಸಿಲು ಕಂಡವರೂ ಹೆದರುವಂಥದ್ದು. ಆದರೆ ನವೆಂಬರಿನಿಂದ ಮಾರ್ಚ್‌ವರೆಗೆ ಬೆಳಗ್ಗೆ ತಂಪು. ಅಲ್ ಕುದ್ರಾದಲ್ಲಿ 80 ಕಿ.ಮೀ.ಗೂ ಹೆಚ್ಚು ಉದ್ದದ ಸೈಕಲ್ ದಾರಿ ಇದೆ, ಸೈಕಲ್ ಬಾಡಿಗೆಗೂ ಸಿಗುತ್ತದೆ. ಹೆಲ್ಮೆಟ್ ಮರೆಯಬೇಡಿ. 2022ರಿಂದ ಅಲ್ಲಿ ಸರಕಾರಿ ರಜೆ ಶನಿವಾರ, ಭಾನುವಾರ. ಸುಬಹಿ ನಮಾಝ್ ಮುಗಿಸಿ ಹೊರಟರೆ ಬಿಸಿಲೇರುವ ಮುಂಚೆ ಮನೆ ಸೇರಬಹುದು. ಅಂಗಡಿಯಲ್ಲಿ ದುಡಿಯುವವರಿಗೆ ಆ ರಜೆಯಿಲ್ಲ, ನಿಜ. ಅವರು ಇಶಾ ಆದ ಮೇಲೆ ಮಕ್ಕಳನ್ನು ಪಾರ್ಕಿಗಾದರೂ ಕರೆದೊಯ್ಯಲಿ.

ಇನ್ನು ‘ಹೆಂಗಸರು ಸೈಕಲ್ ತುಳಿದರೆ ಜನ ಏನಂತಾರೆ’ ಎನ್ನುವ ಯಜಮಾನರೇ, ಅಂದು ಮಗಳನ್ನು ಹೈಸ್ಕೂಲಿಗೆ ಕಳಿಸಿದ ನಿಮ್ಮ ಮಾವ ಹೀಗೆ ಕೇಳಿರಲಿಲ್ಲ. ಈ ಚಳಿಗಾಲಕ್ಕೆ ಬಾಡಿಗೆಗೆ ಹಿಡಿಯುವಾಗ ಅವರಿಗೂ ಒಂದು ಸೈಕಲ್ ಹಿಡಿಯಿರಿ.