ಮುಖ ನೋಡಿ ಮಣೆ, ಫೋನು ನೋಡಿ ದರ

ಜಿನನಾಥಪುರದ ಅಂಗಡಿಯ ಮುಂದೆ ಇಬ್ಬರು ಗಿರಾಕಿಗಳು ನಿಂತರೆ, ಒಬ್ಬನಿಗೆ ಹೇಳಿದ ದರ ಇನ್ನೊಬ್ಬನ ಕಿವಿಗೂ ಬೀಳುತ್ತದೆ. ಬೆಳಗೊಳಕ್ಕೆ ಬಂದ ಯಾತ್ರಿಕನ ಮುಖ ನೋಡಿ ಎಳನೀರಿಗೆ ಐದು ರೂಪಾಯಿ ಹೆಚ್ಚು ಹೇಳುವವರು ನಮ್ಮಲ್ಲಿಲ್ಲವೆಂದು ನಾವೇನೂ ವಾದಿಸುವುದಿಲ್ಲ. ಆದರೆ ಯಾತ್ರಿಕನೂ ಮಾರುವವನ ಮುಖ ನೋಡಬಲ್ಲ, ಚೌಕಾಶಿ ಮಾಡಬಲ್ಲ, ಪಕ್ಕದ ಅಂಗಡಿಗೆ ಹೋಗಬಲ್ಲ. ಫೋನಿನ ಅಂಗಡಿಯಲ್ಲಿ ಗಿರಾಕಿ ಒಬ್ಬಂಟಿ. ಅವನಿಗೆ ಕಾಣುವುದು ತನ್ನ ದರವೊಂದೇ. ಅಂಗಡಿಯವನಿಗಾದರೋ, ಅವನು ನಿನ್ನೆ ಏನು ಹುಡುಕಿದ, ಯಾವುದನ್ನು ಬುಟ್ಟಿಗೆ ಹಾಕಿ ಕೊಳ್ಳದೆ ಬಿಟ್ಟ, ಯಾವ ಊರಿನಲ್ಲಿದ್ದಾನೆ ಎಂಬುದೆಲ್ಲ ಕಾಣಬಹುದು.

ಇದು ಕಟ್ಟುಕತೆಯಲ್ಲ. 2000ದಲ್ಲಿ ಅಮೆರಿಕದ ಅಮೆಜಾನ್ ಕಂಪೆನಿಯು ಒಂದೇ ಸಿನಿಮಾ ಡಿ.ವಿ.ಡಿ.ಗೆ ಬೇರೆ ಬೇರೆ ಗಿರಾಕಿಗಳಿಂದ ಬೇರೆ ಬೇರೆ ದರ ಪಡೆದದ್ದು ಬಯಲಾಯಿತು. ಅದು ಕೇವಲ ಪರೀಕ್ಷೆಯೆಂದು ಹೇಳಿ 6,896 ಮಂದಿಗೆ ಹಣ ಹಿಂದಿರುಗಿಸಿತು. ನಮ್ಮಲ್ಲಿ 2025ರ ಜನವರಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು, ಫೋನಿನ ಜಾತಿ ನೋಡಿ ಬಾಡಿಗೆ ಹೇಳುತ್ತಾರೆಂಬ ದೂರಿನ ಮೇಲೆ ಓಲಾ, ಊಬರ್‌ಗಳಿಗೆ ನೋಟೀಸು ಕೊಟ್ಟಿತು. ಧಾರವಾಡದಿಂದ ಆಯ್ಕೆಯಾದ ಸಚಿವ ಪ್ರಹ್ಲಾದ ಜೋಶಿಯವರೇ ಅದನ್ನು ತಿಳಿಸಿದರು. ಎರಡೂ ಕಂಪೆನಿಗಳು ಆರೋಪವನ್ನು ಅಲ್ಲಗಳೆದವು.

ದರದ ಏರಿಳಿತವೆಲ್ಲ ಮೋಸವೆಂದು ನಾವು ಹೇಳುವುದಿಲ್ಲ. ದಾಸ್ತಾನು, ಹೊತ್ತು, ಹಬ್ಬದ ರಿಯಾಯಿತಿ ಇವೂ ಕಾರಣಗಳೇ. ಯಾವುದು ದಾಸ್ತಾನಿನ ದರ, ಯಾವುದು ನಮ್ಮ ಬೆನ್ನುಹತ್ತಿ ಕಟ್ಟಿದ ದರ ಎಂದು ಹೊರಗಿನವನಿಗೆ ಗೊತ್ತಾಗುವುದಿಲ್ಲ, ಕುತ್ತಿರುವುದೇ ಇಲ್ಲಿ. ಗರಿಷ್ಠ ಮಾರಾಟ ಬೆಲೆಯೆಂಬುದು ಪೊಟ್ಟಣದ ಮೇಲಿನ ಛಾವಣಿ ಮಾತ್ರ. ಛಾವಣಿಯ ಕೆಳಗಿನ ಆಟವನ್ನು ಅದು ತಡೆಯದು. ಟ್ಯಾಕ್ಸಿಗೂ ಹೋಟೆಲಿನ ಕೋಣೆಗೂ ಆ ಮುದ್ರೆಯೇ ಇಲ್ಲ.

ಚಿಲ್ಲರೆ ವ್ಯಾಪಾರಿಯ ತಕ್ಕಡಿಯನ್ನು ಇನ್ಸ್‌ಪೆಕ್ಟರು ಎತ್ತಿ ನೋಡುತ್ತಾರೆ, ತೂಕದ ಬಟ್ಟಿಗೆ ಮುದ್ರೆ ಬೇಕು. ಕಂಪೆನಿಯ ಗುಪ್ತ ತಕ್ಕಡಿಯನ್ನು ಎತ್ತಿ ನೋಡುವವರು ಯಾರು? ಅದೇ ವ್ಯಾಪಾರಿ ಸಗಟು ಸರಕನ್ನು ಫೋನಿನಲ್ಲಿ ತರಿಸುವಾಗ ಅವನೂ ಆ ತಕ್ಕಡಿಯಲ್ಲಿ ಕೂತಿರುತ್ತಾನೆ.

2020ರ ಇ-ವಾಣಿಜ್ಯ ನಿಯಮಗಳು ಒಂದೇ ವರ್ಗದ ಗ್ರಾಹಕರಲ್ಲಿ ಭೇದ ಮಾಡಬಾರದೆನ್ನುತ್ತವೆ. ವರ್ಗವನ್ನು ಕಂಪೆನಿಯ ಯಂತ್ರವೇ ಗುಟ್ಟಾಗಿ ಗೆರೆ ಹಾಕಿದರೆ ಆ ನಿಯಮದಿಂದೇನು ಪ್ರಯೋಜನ? ಖಾಸಗಿ ವಿವರ ಬಳಸಿ ಯಂತ್ರ ಕಟ್ಟಿದ ದರವಾದರೆ ಹಾಗೆಂದು ದರದ ಪಕ್ಕದಲ್ಲೇ ತಿಳಿಸಬೇಕೆಂದು ನ್ಯೂಯಾರ್ಕ್ ರಾಜ್ಯ 2025ರಲ್ಲಿ ಕಾನೂನು ತಂದಿದೆ. ಇಲ್ಲಿಯೂ ಅದು ಬರಲೇಬೇಕು.

ಅಲ್ಲಿಯವರೆಗೆ, ಮಿಲ್ಲಿನ ಗೇಟಿನ ಬಳಿ ಪಾಳಿ ಬಿಟ್ಟಾಗ ನಾಲ್ಕು ಜನ ಸೇರಿ ಒಂದೇ ಸಾಮಾನನ್ನು ಒಂದೇ ಹೊತ್ತಿಗೆ ನಾಲ್ಕು ಫೋನುಗಳಲ್ಲಿ ತೆರೆದು ನೋಡಿರಿ. ಒಂದರಲ್ಲಿ ಖಾತೆಯಿಂದ ಹೊರಬಂದು, ಹಿಂದಿನ ಹುಡುಕಾಟವನ್ನು ಅಳಿಸಿರಿ. ದರ ಬೇರೆಯಾದರೆ ಚಿತ್ರ ತೆಗೆದಿಟ್ಟುಕೊಂಡು 1915ಕ್ಕೆ ದೂರು ಕೊಡಿರಿ.